ಇಳಿಸದೆ ಉಳಿದ ಹಾಯಿ

ದೆವ್ವ, ಗಾಳಿಸೋಂಕು ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗಿ ಅಡುಗೆಮನೆಯಲ್ಲಿ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದೆ. ಹೆದರಿಕೆಯಿಂದಲ್ಲ, ಬೇಸರದಿಂದ. ನಾನು ಓದಿದ್ದು ಕುಂದಾಪುರದ ಒಂದು ಕಾನ್ವೆಂಟಿನಲ್ಲಿ. ಅಲ್ಲಿ ಒಮ್ಮೆ ಹಿಂದುಗಡೆಯ ನೀರಿನ ಟ್ಯಾಂಕಿನ ಹತ್ತಿರ ಯಾರೋ ಅಳುತ್ತಾರೆ ಎಂದು ಹುಡುಗಿಯರೆಲ್ಲ ಹೆದರಿ, ಆ ಕಡೆ ಕಾಲಿಡುವುದನ್ನೇ ಬಿಟ್ಟಿದ್ದೆವು. ನಮ್ಮ ಸಿಸ್ಟರ್ ಬೈಯಲಿಲ್ಲ. ಎಲ್ಲರನ್ನೂ ಸಾಲಾಗಿ ಅಲ್ಲಿಗೆ ಕರೆದುಕೊಂಡು ಹೋದರು, ಸಡಿಲವಾಗಿದ್ದ ಒಂದು ನಲ್ಲಿಯನ್ನು ತೋರಿಸಿದರು, ನನ್ನ ಕೈಯಿಂದಲೇ ಅದನ್ನು ಬಿಗಿ ಮಾಡಿಸಿದರು. ಅಳು ನಿಂತಿತು. ಅಂದಿನಿಂದ ಯಾವ ವಿಚಿತ್ರ ಸದ್ದು ಕೇಳಿದರೂ ನಾನು ಮೊದಲು ಹುಡುಕುವುದು ನಲ್ಲಿಯನ್ನೇ.

ಕೆಲವು ವರ್ಷಗಳ ಹಿಂದೆ, ಮಳೆಗಾಲಕ್ಕೆ ಸ್ವಲ್ಪ ಮುಂಚೆ, ಒಂದು ಮಧ್ಯಾಹ್ನ ನಮ್ಮ ಮನೆಯ ಹಿಂದೆ ಕೇಳಿದ ದನಿಗೆ ಮಾತ್ರ ಇನ್ನೂ ನಲ್ಲಿ ಸಿಕ್ಕಿಲ್ಲ. ಇದನ್ನು ನಂಬಿ ಎಂದು ನಾನು ಕೇಳುವುದಿಲ್ಲ. ಬೇರೆಯವರು ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಅಷ್ಟೆ.

ನಾನು ಬಸ್ರೂರಿನವಳು. ನನ್ನ ತಂದೆ ಒಣಮೀನಿನ ಮೂಟೆ ಕಟ್ಟಿಕೊಂಡು ಕೆರಾಡಿಯವರೆಗಿನ ಒಳನಾಡಿನ ಊರುಗಳಿಗೆಲ್ಲ ಹೋಗಿ ಮಾರುತ್ತಿದ್ದರು. ಹಾಗಾಗಿ ಮೀನಿನ ವಾಸನೆ ನನಗೆ ಹೊಸದಲ್ಲ, ಆದರೆ ಕಡಲು ಹೊಸದು. ಹೊಳೆ ನೋಡಿ ಬೆಳೆದವಳು ಮದುವೆಯಾಗಿ ಉಪ್ಪುಂದದ ಕಡಲ ಕರೆಗೆ ಬಂದೆ. ಮನೆಯ ಪಡುಬದಿಗೆ ಒಂದು ಉದ್ದದ ಜಗಲಿ, ಅದರಾಚೆ ಬಟ್ಟೆ ಒಣಗಿಸುವ ಅಂಗಳ, ನಾಲ್ಕಾರು ತೆಂಗಿನ ಮರ, ಆಮೇಲೆ ಮರಳು, ನೀರು. ನಮ್ಮನೆಯವರು ಅವರ ಸೋದರತ್ತೆಯ ಮಗ ಗಣಪನ ಜೊತೆ ಸೇರಿ ಇಂಜಿನ್ನಿನ ಒಂದು ದೋಣಿ ಇಟ್ಟುಕೊಂಡು ಮೀನು ಹಿಡಿಯುತ್ತಾರೆ. ಗಣಪನ ತಾಯಿ ಸೀತತ್ತೆಯ ಮನೆ ನಮ್ಮ ಬೇಲಿಗೆ ಒತ್ತಿಕೊಂಡೇ ಇದೆ. ನನ್ನ ಅತ್ತೆ ನಾನು ಮದುವೆಯಾಗಿ ಬರುವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿದ್ದ ಹಿರಿಯರೆಂದರೆ ಮಾವ ಒಬ್ಬರೇ.

ಮಾವ ಪ್ರಾಯದಲ್ಲಿ ಮಂಜಿಯಲ್ಲಿದ್ದವರು. ನಮ್ಮ ಕಡೆ ಮಂಜಿ ಎಂದರೆ ಸರಕು ಸಾಗಿಸುತ್ತಿದ್ದ ದೊಡ್ಡ ಹಾಯಿಹಡಗು. ಗಂಗೊಳ್ಳಿಯಲ್ಲಿ ಹಂಚು ತುಂಬಿಸಿ ಮುಂಬೈ ಕಡೆ ಹೋಗುವುದು, ಬರುವಾಗ ಸಿಕ್ಕಿದ್ದನ್ನು ಹೇರಿಕೊಂಡು ಬರುವುದು. ಹಗ್ಗ ಎಳೆಯುವ ಖಲಾಸಿಯಾಗಿ ಹೋದ ಮಾವ ಕೊನೆಗೆ ಹಡಗು ನಡೆಸುವ ತಾಂಡೇಲರಾಗಿದ್ದರು. ಇಂಜಿನ್ ಬಂತು, ಲಾರಿ ಬಂತು, ಮಂಜಿಗಳು ಒಂದೊಂದಾಗಿ ಕರೆಯಲ್ಲಿ ಒಣಗಿದವು. ಅವರ ಮಂಜಿಯನ್ನೂ ಒಡೆದರು. ಅದರ ದೊಡ್ಡ ಹಾಯಿಯನ್ನು ಓರೆಯಾಗಿ ಹೊತ್ತುಕೊಂಡಿರುತ್ತಿದ್ದ ಉದ್ದದ ಮರ, ಅವರ ಮಾತಿನಲ್ಲಿ ಪರ್ಬಾಣ, ಈಗ ನಮ್ಮ ಪಡುಜಗಲಿಯ ಮಾಡಿನ ತೊಲೆ. ಹಗ್ಗ ಉಜ್ಜಿ ಉಜ್ಜಿ ಅದರ ಮೇಲೆ ಒಂದು ಕಡೆ ಬೆರಳು ಹಿಡಿಯುವಷ್ಟು ಆಳದ ಗೀರು ಬಿದ್ದಿದೆ. ಮಕ್ಕಳು ಚಿಕ್ಕವರಿದ್ದಾಗ ತೊಟ್ಟಿಲಿನ ಹಗ್ಗವನ್ನು ನಾನು ಆ ಗೀರಿನಲ್ಲೇ ಕೂರಿಸುತ್ತಿದ್ದೆ. ಜಾರುತ್ತಿರಲಿಲ್ಲ.

ವಯಸ್ಸಾದ ಮೇಲೆ ಮಾವನಿಗೆ ಮರೆವು ಹಿಡಿಯಿತು. ಮೊದಲು ಚಪ್ಪಲಿ, ಕನ್ನಡಕ. ಆಮೇಲೆ ಮೊಮ್ಮಕ್ಕಳ ಹೆಸರು. ಆಮೇಲೆ ಊಟ ಮಾಡಿದ್ದೇ ಮರೆತು, ಉಂಡ ಬಟ್ಟಲಿನ ಎದುರು ಕುಳಿತು "ಎಂತ, ಇವತ್ತ್ ಅನ್ನ ಮಾಡ್ಲಿಲ್ಯಾ?" ಎನ್ನುವರು. ಹೊಸದೆಲ್ಲ ಹೀಗೆ ಒಂದೊಂದೇ ಉದುರಿಹೋದ ಮೇಲೆ ಕೆಳಗಿದ್ದ ಹಳೆಯದು ಮೇಲೆ ಬಂತು. ಮಧ್ಯಾಹ್ನ ಕಡಲಗಾಳಿ ಏಳುವ ಹೊತ್ತಿಗೆ ಅವರು ಪಡುಜಗಲಿಗೆ ಬಂದು ಕೂರುವರು. ತಲೆ ಎತ್ತಿ ಗಾಳಿಯ ದಿಕ್ಕಿಗೆ ಮುಖ ಕೊಟ್ಟು, ಇದ್ದಕ್ಕಿದ್ದಂತೆ ಉದ್ದಕ್ಕೆ ಎಳೆದು ಕೂಗುವರು.

"ದಾಮಣಾ..."

ಕೂಗಿ ಸುಮ್ಮನಾಗುವರು. ಕಿವಿ ಒಂದು ಪಕ್ಕಕ್ಕೆ ವಾಲಿಸಿ ಕಾಯುವರು. ಯಾರೂ ಏನೂ ಹೇಳದಿದ್ದರೆ ಮತ್ತೆ ಕೂಗು, ಮತ್ತೆ ಕಾಯುವುದು. ಹೊತ್ತು ಹೋದ ಹಾಗೆ ಕಂಬ ಹಿಡಿದು ಏಳಲು ನೋಡುವರು. ಹಾಗೆ ಎದ್ದು ಬಿದ್ದು ಹಣೆ ಒಡೆದುಕೊಂಡದ್ದೂ ಇದೆ. ನಮ್ಮನೆಯವರು ಕಡಲಿಗೆ ಹೋದಮೇಲೆ ಮನೆಯಲ್ಲಿ ಅವರನ್ನು ಎತ್ತಿ ಕೂರಿಸಲು ನಾನೊಬ್ಬಳೇ. ಆ ಹೊತ್ತು ಬಂತೆಂದರೆ ನಾನು ಕೈಕೆಲಸವನ್ನೆಲ್ಲ ಜಗಲಿಗೇ ತಂದುಕೊಂಡು ಕೂರುತ್ತಿದ್ದೆ.

ಒಂದು ದಿನ ಜಗಲಿಯಲ್ಲಿ ಅಕ್ಕಿ ಆರಿಸುತ್ತಾ ಕುಳಿತಿದ್ದೆ. ಮಾವ ಕೂಗಿದರು. ನನ್ನ ಗಮನವೆಲ್ಲ ಮೊರದಲ್ಲಿತ್ತು. ಶಾಲೆಯಲ್ಲಿ ಹಾಜರಿ ಕೂಗಿದಾಗ ಬಾಯಿ ತಾನಾಗಿ ಉತ್ತರ ಕೊಡುತ್ತದಲ್ಲ, ಹಾಗೆ ನಾನೂ ಅದೇ ರಾಗದಲ್ಲಿ "ದಾಮಣಾ" ಎಂದುಬಿಟ್ಟೆ. ಮಾವ "ಹಾಂ" ಎಂದರು. ಗೋಡೆಗೆ ಒರಗಿ ಕಾಲು ಚಾಚಿದರು. ಆ ಮಧ್ಯಾಹ್ನ ಅವರು ಏಳಲಿಲ್ಲ.

ಬೇಲಿಯಾಚೆ ಬಲೆ ಕೊಡವುತ್ತಿದ್ದ ಸೀತತ್ತೆ ಇದನ್ನು ಕೇಳಿಸಿಕೊಂಡಿದ್ದರು. ಸಂಜೆ ಬಂದು ನಗುತ್ತಾ ಕುಳಿತರು.

"ಎಂತ ಹೆಣೆ, ಕಾನ್ವೆಂಟಿನಂಗೆ ಕಲ್ತವ್ಳು ಖಲಾಸಿ ಕೆಲ್ಸಕ್ಕೆ ಸೇರಿದ್ಯಂಬ್ರಲೆ?"

"ಸೇರ್ದೆ ಅತ್ತೆ. ಸಂಬ್ಳ ಇಲ್ಲೆ, ಬೈಗುಳ ಮಾತ್ರ."

"ಬೈಗುಳ ಕೊಡ್ತ್ರ್ ಅಂದ್ರೆ ಕೆಲ್ಸ ಖಾಯಂ ಆಯ್ತ್ ಅಂದೇಳಿ ಲೆಕ್ಕ" ಎಂದು ನಕ್ಕವರು ಆಮೇಲೆ ನನಗೆ ತಿಳಿಸಿ ಹೇಳಿದರು. "ಅದ್ ಸುಮ್ನೆ ಕೂಗುದಲ್ಲ ಮಗಾ. ತಾಂಡೇಲ ಹಗ್ಗದ ಹೆಸ್ರ್ ಕೂಗ್ಕ್, ಆ ಹಗ್ಗ ಹಿಡ್ಕಂಡವ ಅದನ್ನೇ ತಿರ್ಗಿ ಕೂಗ್ಕ್. ಮರುಕೂಗ್ ಅಂಬ್ರ್ ಅದಕ್ಕೆ. ಆ ಗಾಳಿ ಮಳಿಯಂಗೆ ಯಾರ್ ಎಲ್ಲಿದ್ರ್ ಅಂದೇಳಿ ಕಾಂಬುಕಾತ್ತಾ? ಮರುಕೂಗ್ ಬಂತ್ ಅಂದ್ರೆ ಹಗ್ಗ ಒಬ್ಬನ್ ಕೈಯಂಗೆ ಇತ್ತ್. ಮತ್ತೆ ಇಳ್ಸುಕೆ ಹೇಳು ತನ್ಕ ಅವ ಬಿಡುಕಾಗ. ಕೈ ಸುಲ್ದ್ ಹೋದ್ರೂ ಬಿಡುಕಾಗ."

ಅಂದಿನಿಂದ ಅದು ನನ್ನ ದಿನದ ಕೆಲಸಗಳಲ್ಲಿ ಒಂದಾಯಿತು. ಹಾಯಿಯ ಹಿಂದಿನ ಮೂಲೆಯನ್ನು ಎಳೆದು ಹಿಡಿಯುವ ಹಗ್ಗ ದಾಮಣ. ಮುಂದಿನ ಮೂಲೆಯದು ಗೋಸು. ಹಾಯಿ ನಿಲ್ಲುವ ಕಂಬ ಡೋಲು. ಯಾವ ಭಾಷೆಯ ಪದಗಳೋ ನನಗೆ ಗೊತ್ತಿಲ್ಲ. ಬಂದರಿನಿಂದ ಬಂದರಿಗೆ ಸುತ್ತುವವರ ನಾಲಿಗೆಗೆ ಎಲ್ಲೆಲ್ಲಿಯದೋ ಹತ್ತಿಕೊಂಡಿರಬೇಕು. ನಮ್ಮನೆಯವರನ್ನು ಕೇಳಿದರೆ ಅವರಿಗೆ ಇದರಲ್ಲಿ ಒಂದೂ ಬಾರದು. ಅವರದು ಗೇರು, ಪ್ಲಗ್ಗು, ಜಿಪಿಎಸ್ಸು. "ನಿಮ್ಮ ಮಂಜಿ ಇವತ್ತ್ ಎಲ್ಲಿವರೆಗೆ ಮುಟ್ಟಿತ್?" ಎಂದು ರಾತ್ರಿ ಊಟಕ್ಕೆ ಕೂತಾಗ ನನ್ನನ್ನು ತಮಾಷೆ ಮಾಡುವರು. "ರತ್ನಾಗಿರಿ ಹತ್ರ" ಎಂದು ನಾನೂ ಹೇಳುತ್ತಿದ್ದೆ.

ಚಾದ ಹೊತ್ತಿಗೆ ಮಾವ ಕೊನೆಯ ಕೂಗು ಕೂಗುವರು. ಹಾಯಿ ಇಳಿಸಿ, ಹಗ್ಗ ಬಿಡಿ, ಕೆಲಸ ಮುಗಿಯಿತು ಎನ್ನುವುದಕ್ಕೆಲ್ಲ ಸೇರಿ ಇದ್ದದ್ದು ಒಂದೇ ಪುಟ್ಟ ಪದ. ನಾನು ಅದನ್ನು ತಿರುಗಿ ಹೇಳಿದೊಡನೆ ಅವರ ಹೆಗಲು ಇಳಿಯುವುದು, ಲೋಟಕ್ಕೆ ಕೈ ಚಾಚುವರು. ಆ ಪದವನ್ನು ನಾನು ಇಲ್ಲಿ ಬರೆಯುವುದಿಲ್ಲ. ಯಾಕೆಂದು ಮುಂದೆ ನಿಮಗೇ ತಿಳಿಯುತ್ತದೆ.

ಒಂದು ಸಲ ಮಂಜಿಗೆ ಎಷ್ಟು ಹಾಯಿ ಎಂದು ಕೇಳಿದೆ. ಮಾವ ಬೆರಳನ್ನು ಚಾದಲ್ಲಿ ಅದ್ದಿ ನೆಲದ ಮೇಲೆ ಬರೆದು ತೋರಿಸಿದರು. ನಡುವೆ ದೊಡ್ಡದು. ಮುಂದೆ ಮೂತಿಯ ಹತ್ತಿರ ಚಿಕ್ಕದು. ಬೆರಳು ಹಿಂಬದಿಗೆ ಹೋಯಿತು, ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅಂಗೈಯಿಂದ ಎಲ್ಲವನ್ನೂ ಒರೆಸಿಬಿಟ್ಟರು.

ಆ ಹಿಂಬದಿಯ ಹಾಯಿಯ ಸಂಗತಿ ಹೇಳಿದ್ದೂ ಸೀತತ್ತೆಯೇ. ಅದರ ಹೆಸರು ಕಲ್ಮಿ. ಬಿರುಗಾಳಿ ಎದ್ದರೆ ಬೇರೆಲ್ಲ ಹಾಯಿ ಇಳಿಸಿ ಅದೊಂದನ್ನೇ ಉಳಿಸಿಕೊಳ್ಳುತ್ತಿದ್ದರಂತೆ. ಹಡಗಿನ ಹಿಂಬದಿಯನ್ನು ಅದು ಹಿಡಿದು ನಿಲ್ಲಿಸಿದರೆ ಮೂತಿ ಗಾಳಿಗೆ ಎದುರಾಗಿ ತಿರುಗಿ ನಿಲ್ಲುತ್ತದೆ. ಅಲೆ ಮೂತಿಗೆ ಬಡಿದರೆ ಹಡಗು ತಡೆದುಕೊಳ್ಳುತ್ತದೆ, ಅಡ್ಡಕ್ಕೆ ಬಡಿದರೆ ಮಗುಚುತ್ತದೆ. ಮಾವನ ಮಂಜಿಯಲ್ಲಿ ಆ ಹಗ್ಗ ಅವರ ತಮ್ಮ ಶೀನನದು. ಇನ್ನೂ ಮದುವೆಯಾಗದ ಹುಡುಗ. ಒಮ್ಮೆ ಊರಿಗೆ ಮರಳುವಾಗ ಗಾಳಿ ಸಿಕ್ಕಿತು. ಮಾವ "ಕಲ್ಮೀ" ಎಂದು ಕೂಗಿದರು, ಶೀನನ ಮರುಕೂಗು ಬಂತು. ಮಂಜಿ ಉಳಿಯಿತು, ಉಳಿದವರೆಲ್ಲ ಉಳಿದರು. ಗಾಳಿ ಇಳಿದಾಗ ನೋಡಿದರೆ ಹಿಂಬದಿಯಲ್ಲಿ ಶೀನ ಇರಲಿಲ್ಲ.

"ಇಳ್ಸು ಅಂದೇಳಿ ಹೇಳುಕೆ ಮುಂಚೆ ಹೋದ" ಎಂದರು ಸೀತತ್ತೆ. "ಅದ್ರ ಮೇಲೆ ಅಣ್ಣಯ್ಯ ಆ ಹಗ್ಗ ಯಾರ ಕೈಯಂಗೂ ಕೊಡ್ಲಿಲ್ಲೆ. ಆ ಹೆಸ್ರೂ ಕೂಗ್ಲಿಲ್ಲೆ."

ಇಷ್ಟು ತಿಳಿದರೆ ಮುಂದಿನದು ಅರ್ಥವಾಗುತ್ತದೆ.

ಆ ದಿನ ನಮ್ಮನೆಯವರೂ ಗಣಪನೂ ಬೆಳಕು ಹರಿಯುವ ಮುಂಚೆ ಹೋಗಿದ್ದರು. ಮಕ್ಕಳು ರಜೆಗೆ ಬಸ್ರೂರಿಗೆ ಹೋಗಿದ್ದರು. ಮಳೆಗಾಲ ಇನ್ನೇನು ಬರುವುದರಲ್ಲಿತ್ತು. ಊಟಕ್ಕೆ ಬರುತ್ತೇವೆ ಎಂದಿದ್ದರು, ಬರಲಿಲ್ಲ. ಫೋನ್ ಮಾಡಿದೆ, ತಾಗಲಿಲ್ಲ. ಬಂಗುಡೆ ಸಾರಿನ ಮೇಲೆ ಎಣ್ಣೆ ಕೆನೆಗಟ್ಟುವುದನ್ನು ನೋಡುತ್ತಾ ಒಲೆಯ ಹತ್ತಿರ ಸುಮ್ಮನೆ ನಿಂತಿದ್ದೆ. ಕಿಟಕಿಯ ಬೆಳಕು ಹಳೆಯ ಅರಿಶಿನ ಬಟ್ಟೆಯ ಬಣ್ಣಕ್ಕೆ ತಿರುಗಿತ್ತು. ಕಾಗೆಗಳು ಕೂಗುತ್ತಿರಲಿಲ್ಲ. ಬಾವಿಕಟ್ಟೆಯ ಮೇಲೆ ಇರುವೆಗಳು ಮೊಟ್ಟೆ ಹೊತ್ತು ಮೇಲಕ್ಕೆ ಹೋಗುತ್ತಿದ್ದವು.

"ಹ್ವಾಯ್, ಫೋನ್ ಬಂತಾ?" ಬೇಲಿಯಾಚೆಯಿಂದ ಸೀತತ್ತೆ ಕೇಳಿದರು.

"ಇಲ್ಲೆ ಅತ್ತೆ. ಗಣಪಂದ್?"

"ಅದೂ ತಾಗುದಿಲ್ಲೆ. ನಾ ಕರಿ ಬದಿಗೆ ಹೋಯಿ ಕಂಡ್ಕಂಡ್ ಬತ್ತೆ" ಎಂದು ಸೆರಗು ತಲೆಗೆ ಹಾಕಿಕೊಂಡು ಅವರು ಮರಳಿನ ಕಡೆ ಹೋದರು.

ಅವರು ಮರೆಯಾಗುತ್ತಿದ್ದಂತೆ ಗಾಳಿ ಬಂತು. ದಿನದ ಕಡಲಗಾಳಿಯಲ್ಲ. ಪಡುವಣದಿಂದ ಒಂದೇ ಸಲ ಬಂದು ತೆಂಗಿನ ಗರಿಗಳನ್ನೆಲ್ಲ ಮೂಡಣಕ್ಕೆ ಬಾಚಿ ಹಿಡಿಯಿತು. ಅಂಗಳದಲ್ಲಿ ಮಾವನ ಹಾಸಿಗೆಯ ದಪ್ಪ ಬಟ್ಟೆ ಒಣಹಾಕಿದ್ದೆ. ಓಡಿಹೋದೆ. ಜಗಲಿಯ ಕಂಬದಿಂದ ತೆಂಗಿನ ಮರಕ್ಕೆ ಕಟ್ಟಿದ ಹಸಿರು ಪ್ಲಾಸ್ಟಿಕ್ ಹಗ್ಗ. ನಾನು ಕೈಯಿಡುವಷ್ಟರಲ್ಲಿ ಕಂಬದ ಬದಿಯ ಗಂಟು ಬಿಚ್ಚಿಹೋಯಿತು. ಬಟ್ಟೆ ಹಾರಿಹೋದೀತೆಂದು ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಆಗ ಜಗಲಿಯಿಂದ ಮಾವ ಕೂಗಿದರು.

"ಕಲ್ಮೀ..."

ಅದು ಮಾವನದೇ ದನಿ, ಆದರೆ ನಾನು ಕೇಳುತ್ತಿದ್ದ ದನಿ ಅಲ್ಲ. ಅದರಲ್ಲಿ ಕಫ ಇರಲಿಲ್ಲ, ನಡುಕ ಇರಲಿಲ್ಲ. ಆ ಪದಕ್ಕೆ ನಾನು ಉತ್ತರ ಕೊಡಬಾರದಿತ್ತು ಎನ್ನುವುದು ಹೊಳೆಯುವ ಮೊದಲೇ ಅಷ್ಟು ತಿಂಗಳ ಅಭ್ಯಾಸದ ಬಾಯಿ "ಕಲ್ಮೀ" ಎಂದುಬಿಟ್ಟಿತು.

ನನ್ನ ದನಿಯ ಜೊತೆಗೆ ಇನ್ನೊಂದು ದನಿ ಇತ್ತು. ನನ್ನ ಬಲ ಹೆಗಲಿನ ಹಿಂದೆ, ಒಂದು ಮೊಳದಷ್ಟು ಹತ್ತಿರದಲ್ಲಿ. ಗಂಡಸಿನ ದನಿ, ಎಳೆಯದು. ಆ ಪದವನ್ನು ನನಗಿಂತ ಚೆನ್ನಾಗಿ, ಎಲ್ಲಿ ಎಳೆಯಬೇಕೋ ಅಲ್ಲಿ ಎಳೆದು ಹೇಳಿತು.

ಹಿಂದೆ ತಿರುಗಿ ನೋಡಿದೆನೇ ಎಂದು ನೀವು ಕೇಳಬಹುದು. ಇಲ್ಲ. ನನಗೆ ಕುತ್ತಿಗೆ ತಿರುಗಲಿಲ್ಲ. ಒದ್ದೆಯಾದ ತೆಂಗಿನ ನಾರಿನ ವಾಸನೆ, ಅದರ ಜೊತೆಗೆ ಹಳೆಯ ಮೀನೆಣ್ಣೆಯ ವಾಸನೆ ಮೂಗಿಗೆ ಬಂತು. ಹಡಗಿನ ಮೈಗೆ ಮೀನೆಣ್ಣೆ ಬಳಿಯುತ್ತಿದ್ದರೆಂದು ಮಾವ ಒಮ್ಮೆ ಹೇಳಿದ್ದು ನೆನಪಾಯಿತು. ಅಷ್ಟರಲ್ಲಿ ಹಗ್ಗ ಎಳೆಯಿತು.

ಗಾಳಿಗೆ ಬಟ್ಟೆ ಎಳೆಯುವುದು ಯಾವ ಹೆಂಗಸಿಗೂ ಗೊತ್ತಿರುವ ಎಳೆತ. ಅದು ಜಗ್ಗುತ್ತದೆ, ಬಿಡುತ್ತದೆ, ಪಟಪಟ ಹೊಡೆದುಕೊಳ್ಳುತ್ತದೆ. ಇದು ಹಾಗಿರಲಿಲ್ಲ. ಎಲ್ಲೋ ದೂರದಲ್ಲಿ ಒಂದು ದೊಡ್ಡ ಭಾರ ಹಗ್ಗದ ಆ ತುದಿಗೆ ಬಿದ್ದು, ಅಲೆಯ ಮೇಲೆ ಏರಿ ಇಳಿಯುವ ಹಾಗೆ, ಒಂದೇ ಸಮ, ನಿಧಾನ. ನನ್ನ ಹೆಗಲಿನ ಕೀಲು ಕಳಚುವಂತಾಯಿತು. ಬಟ್ಟೆ ಹೊಟ್ಟೆ ಉಬ್ಬಿಸಿಕೊಂಡು ಬಿಗಿದು ನಿಂತಿತ್ತು. ಆ ಹೆದರಿಕೆಯ ನಡುವೆಯೂ ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು, ಈಗಲೂ ಕಣ್ಣು ಮುಚ್ಚಿದರೆ ಕಾಣುವುದು ಅದೇ. ತೆಂಗಿನ ಗರಿಗಳೆಲ್ಲ ಮೂಡಣಕ್ಕೆ ಬಾಗಿದ್ದವು. ನನ್ನ ಕೈಯಲ್ಲಿದ್ದ ಬಟ್ಟೆ ಪಡುವಣಕ್ಕೆ, ಗಾಳಿಗೆ ಎದುರಾಗಿ, ಕಡಲಿನ ಕಡೆಗೆ ಉಬ್ಬಿತ್ತು.

ಬಿಟ್ಟುಬಿಡಬೇಕೆನಿಸಿತು. ಅಂಗೈ ಉರಿಯುತ್ತಿತ್ತು. ಮನೆಯೊಳಗೆ ಓಡಿಹೋಗಿ ಬಾಗಿಲು ಹಾಕಿಕೊಳ್ಳಬೇಕೆನಿಸಿತು. ಆದರೆ ಆ ಭಾರ ಏರಿ ಇಳಿಯುವ ರೀತಿ ನನಗೆ ಗುರುತಾಗಿಬಿಟ್ಟಿತ್ತು. ಮದುವೆಯಾದ ಹೊಸತರಲ್ಲಿ ನಮ್ಮನೆಯವರು ನನ್ನನ್ನು ದೋಣಿಯಲ್ಲಿ ಕೂರಿಸಿ ಒಂದು ಸುತ್ತು ಕರೆದುಕೊಂಡು ಹೋಗಿದ್ದರು. ನೀರಿನ ಮೇಲೆ ದೋಣಿಯ ಮೈ ಏರಿಳಿಯುವುದು ಹೀಗೆಯೇ ಇತ್ತು. ಈ ಹಗ್ಗದ ಆ ತುದಿಯಲ್ಲಿ ಅವರಿದ್ದಾರೆ ಎಂದು ನನಗೆ ಯಾಕೆ ಅನ್ನಿಸಿತೋ ಹೇಳಲಾರೆ. ಅನ್ನಿಸಿದ ಮೇಲೆ ಬಿಡಲು ಆಗಲಿಲ್ಲ.

ಮಳೆ ಬಂತು. ಎಡಗಣ್ಣಿನ ಕೊನೆಯಲ್ಲಿ ಮಾವ ಕಂಡರು. ಜಗಲಿಯ ಅಂಚಿನಲ್ಲಿ ಏನನ್ನೂ ಹಿಡಿದುಕೊಳ್ಳದೆ ನೆಟ್ಟಗೆ ನಿಂತಿದ್ದರು. ಕಂಬವಿಲ್ಲದೆ ನಿಲ್ಲಲಾರದವರು. ನನ್ನನ್ನು ನೋಡುತ್ತಿರಲಿಲ್ಲ, ನನ್ನ ಹಿಂದೆ ನೋಡುತ್ತಿದ್ದರು. ಮತ್ತೊಂದು ಮಾತು. ನಾನು ಹಗ್ಗವನ್ನು ನಡುವೆ ಹಿಡಿದಿದ್ದೆ, ಅದರ ಉಳಿದ ತುದಿ ನನ್ನ ಹಿಂದೆ ಮರಳಿನ ಮೇಲೆ ಬಿದ್ದಿರಬೇಕಿತ್ತು. ಬಿದ್ದಿರಲಿಲ್ಲ. ನನ್ನ ಸೊಂಟಕ್ಕೆ ತಾಗಿಕೊಂಡು ಹಿಂದಕ್ಕೆ ಬಿಗಿಯಾಗಿ ಹೋಗಿತ್ತು. ಭಾರ ಸ್ವಲ್ಪ ಸಡಿಲವಾದಾಗಲೆಲ್ಲ ಯಾರೋ ಹಿಂದಿನಿಂದ ಒಂದು ಗೇಣು ಎಳೆದುಕೊಳ್ಳುತ್ತಿದ್ದರು. ನನ್ನ ಕೈ ಹಾರುವುದರಲ್ಲಿದ್ದಾಗ ಹಿಂದಿನ ಕೈ ಹಿಡಿಯುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡು ಶಾಲೆಯಲ್ಲಿ ಕಲಿತ ಪ್ರಾರ್ಥನೆ, ಮನೆಯಲ್ಲಿ ಕಲಿತ ದೇವರ ಹೆಸರು ಎಲ್ಲವನ್ನೂ ಬೆರೆಸಿ ಹೇಳುತ್ತಿದ್ದೆ. ಎಷ್ಟು ಹೊತ್ತು ಎಂದು ಕೇಳಬೇಡಿ.

ಒಮ್ಮೆಲೇ ಭಾರ ಹೋಯಿತು. ಬಟ್ಟೆ ತೊಯ್ದು ಮುದ್ದೆಯಾಗಿ ಮರಳಿಗೆ ಬಿತ್ತು. ಹಗ್ಗದ ತುದಿ ನನ್ನ ಹಿಮ್ಮಡಿಯ ಮೇಲೆ ಬಿದ್ದಾಗ ಕಿರುಚಿಕೊಂಡೆ. ತಿರುಗಿದರೆ ಯಾರೂ ಇರಲಿಲ್ಲ. ಮಾವ ಜಗಲಿಯ ನೆಲದಲ್ಲಿ ಕುಳಿತು ಗೋಡೆಗೆ ಒರಗಿ ನಿದ್ದೆ ಹೋಗಿದ್ದರು. ಇಳಿಸುವ ಪದವನ್ನು ಅವರು ಕೂಗಿರಲಿಲ್ಲ.

ಅಳುತ್ತಾ ಕರೆಯಿಂದ ವಾಪಸು ಬಂದ ಸೀತತ್ತೆ ನನ್ನ ಅಂಗೈ ನೋಡಿ ತಮ್ಮ ಅಳು ನಿಲ್ಲಿಸಿದರು. ಎರಡೂ ಕೈಯಲ್ಲಿ ಅಡ್ಡಕ್ಕೆ ಚರ್ಮ ಸುಲಿದು ಹೋಗಿತ್ತು. ಅವರು ಬಿಸಿನೀರಿನಲ್ಲಿ ತೊಳೆದು, ಸೂಜಿಯ ಮೊನೆಯಿಂದ ಗಾಯದಲ್ಲಿ ಸಿಕ್ಕಿದ್ದ ಕಸವನ್ನು ಒಂದೊಂದಾಗಿ ತೆಗೆದು ನೆಲದ ಮೇಲೆ ಇಟ್ಟರು. ಕಂದು ಬಣ್ಣದ ತೆಂಗಿನ ನಾರು. ಬಟ್ಟೆಯ ಹಗ್ಗ ಪ್ಲಾಸ್ಟಿಕ್ಕಿನದು ಎಂದು ಹೇಳಿದೆನಲ್ಲ. ನಡೆದದ್ದನ್ನೆಲ್ಲ ಅವರೊಬ್ಬರಿಗೆ ಮಾತ್ರ ಹೇಳಿದೆ.

ಕತ್ತಲಾಗುವ ಹೊತ್ತಿಗೆ ದೋಣಿ ಬಂತು. ಗಣಪ ಅವನ ತಾಯಿಯ ಎದುರು ನೆಲದ ಮೇಲೆ ಕುಸಿದು ಕುಳಿತ. ನಮ್ಮನೆಯವರು ಚಾದ ಲೋಟ ಹಿಡಿದುಕೊಂಡರೂ ಕುಡಿಯಲಿಲ್ಲ. ಗಾಳಿ ಶುರುವಾಗುವಾಗಲೇ ಇಂಜಿನ್ ನಿಂತುಹೋಗಿತ್ತಂತೆ. ದೋಣಿ ಅಲೆಗೆ ಅಡ್ಡವಾಗಿ ತಿರುಗಿ, ಒಂದು ಬದಿಯಿಂದ ನೀರು ಒಳಗೆ ಸುರಿಯಿತಂತೆ.

"ಮುಗೀತ್ ಅಂದೇಳಿ ಭಾವನ ಮೊಕ ಕಂಡೆ" ಎಂದ ಗಣಪ. "ಆಗಳ್ ಹಿಂದಿಂದ ಯಾರೋ ಹಿಡ್ದ್ ಎಳ್ದಾಂಗಾಯ್ತ್. ದೋಣಿ ಮೂತಿ ಹೀಂಗೆ ತಿರ್ಗಿ ಗಾಳಿಗೆ ಎದ್ರ್ ನಿಂತಿತ್. ಮೀನ್ ಬಲಿ ಎಲ್ಲೋ ಕಲ್ಲಿಗ್ ಸಿಕ್ಕಿತ್ ಅಂದೇಳಿ ತಿರ್ಗಿ ಕಂಡ್ರೆ, ಬಲಿ ದೋಣಿಯಂಗೇ ಇತ್ತ್ ಅಮ್ಮ. ನೀರಿಗ್ ಬಿದ್ದೇ ಇಲ್ಲೆ."

ಗಾಳಿ ಕಡಿಮೆಯಾಗುವವರೆಗೆ ದೋಣಿ ಹಾಗೆಯೇ ನಿಂತಿತ್ತು, ಆಮೇಲೆ ಹೇಗೋ ಇಂಜಿನ್ ಹತ್ತಿತು. ನಮ್ಮನೆಯವರು "ನೀರಿನ ಸೆಳ್ತ ಆಯ್ಕ್" ಎಂದರು. ನಾನೂ ಹಾಗೆಯೇ ಇರಬಹುದು ಎಂದೆ. ಸಿಸ್ಟರ್ ಇದ್ದಿದ್ದರೆ ಅದನ್ನೇ ಹೇಳುತ್ತಿದ್ದರು. ನನ್ನ ಕೈಗೆ ಏನಾಯಿತೆಂದು ನಮ್ಮನೆಯವರು ಕೇಳಿದಾಗ ಬಟ್ಟೆಯ ಹಗ್ಗ ತಾಗಿತು ಎಂದೆ. ಅದು ಸುಳ್ಳೂ ಅಲ್ಲ.

ಆ ರಾತ್ರಿ ಮಾವನಿಗೆ ಗಂಜಿ ಕೊಡುವಾಗ ಅವರ ಕಿವಿಯ ಹತ್ತಿರ ಬಗ್ಗಿ ಕೇಳಿದೆ. "ಮಾವ, ಇವತ್ತ್ ಇಳ್ಸುಕೆ ಹೇಳ್ಲೇ ಇಲ್ಯಲೆ?"

ಅವರು ಬಟ್ಟೆ ಸುತ್ತಿದ ನನ್ನ ಕೈಗಳನ್ನು ನೋಡಿದರು. "ನೀ ಎಂತಕ್ ಹಿಡುಕೆ ಹೋದೆ ಮಗಾ? ಶೀನ ಇದ್ದಿದ್ನಲೆ, ನಿನ್ನ ಹಿಂದೇ" ಎಂದರು. ಆಮೇಲೆ ಗಂಜಿಗೆ ಉಪ್ಪು ಕಡಿಮೆ ಎಂದರು.

ಮರುದಿನದಿಂದ ಅವರು ಯಾವ ಹಾಯಿಯನ್ನೂ ಕೂಗಲಿಲ್ಲ. ಗಾಳಿ ಬೀಸಿದರೂ ಜಗಲಿಗೆ ಬರುತ್ತಿರಲಿಲ್ಲ. ನಾನೇ ಹತ್ತಿರ ಕುಳಿತು "ದಾಮಣಾ" ಎಂದರೆ, ಪರದೇಶದ ಮಾತು ಕೇಳಿದವರ ಹಾಗೆ ನನ್ನ ಬಾಯಿ ನೋಡುವರು. ಇಳಿಸುವ ಪದವನ್ನು ಅವರ ಬಾಯಿಂದ ಮತ್ತೊಮ್ಮೆ ಹೊರಡಿಸಲು ನಾನು ಮಾಡದ ಪ್ರಯತ್ನವಿಲ್ಲ. ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಅವರು ಏಳಲಿಲ್ಲ.

ಎಲ್ಲ ಕರ್ಮ ಮುಗಿದ ಮೇಲೆ ಸೀತತ್ತೆ ನನ್ನನ್ನು ಬಾವಿಕಟ್ಟೆಯ ಹತ್ತಿರ ಕರೆದರು. "ತಾಂಡೇಲ ಹೋದ್ರೆ ಮರುಕೂಗ್ ಕೊಟ್ಟವ್ರೇ ಇಳ್ಸುಕೆ ಹೇಳ್ಕ್ ಅಂಬ್ರ್. ಅದೆಂತ ಪದ ನಂಗ್ ಗೊತ್ತಿಲ್ಲೆ, ನಾ ಮಂಜಿ ಹತ್ತಿದವ್ಳಲ್ಲ. ನಿಂಗ್ ಗೊತ್ತಿತ್ತ್. ಹೇಳ್ಬಿಡ್ ಹೆಣೆ. ಶೀನಣ್ಣ ಎಷ್ಟ್ ಕಾಲ ಅಂದೇಳಿ ಹಿಡ್ಕಂಡ್ ನಿಲ್ಕ್?"

ನಾಳೆ ಹೇಳುತ್ತೇನೆ ಎಂದೆ. ಆ ರಾತ್ರಿ ನಮ್ಮನೆಯವರೂ ಗಣಪನೂ ಕಡಲಿಗೆ ಹೊರಟಿದ್ದರು. ಟಾರ್ಚಿನ ಬೆಳಕು ಮರಳಿನ ಮೇಲೆ ದೂರವಾಗುವುದನ್ನು ನಾವಿಬ್ಬರೂ ಬೇಲಿಯ ಆಚೆ ಈಚೆ ನಿಂತು ನೋಡಿದೆವು. ಬೆಳಿಗ್ಗೆ ಸೀತತ್ತೆ ಬೇಲಿಯ ಹತ್ತಿರ ಬಂದು, ನನ್ನ ಮುಖ ನೋಡದೆ, "ಈ ವರ್ಷ ಬ್ಯಾಡ ಹೆಣೆ" ಎಂದರು. ಆಮೇಲೆ ಆ ವಿಷಯ ಎತ್ತಿಲ್ಲ. ವರ್ಷಗಳು ಹೋಗಿವೆ.

ಈಗ ಆ ಪದ ನಮ್ಮ ಕಡೆ ಗೊತ್ತಿರುವುದು ಬಹುಶಃ ನನಗೊಬ್ಬಳಿಗೇ. ಯಾರಿಗೂ ಬೇಡವಾದ ಮಾತು, ಯಾವ ಹಡಗಿಗೂ ಸಲ್ಲದ ಮಾತು. ಅದನ್ನು ಹೇಳಿದರೆ ಏನೂ ಆಗಲಿಕ್ಕಿಲ್ಲ ಎಂದು ನನ್ನ ಓದಿದ ಬುದ್ಧಿ ಹೇಳುತ್ತದೆ. ಹಾಗಾದರೆ ಹೇಳಲು ಯಾಕೆ ಹೆದರುತ್ತೀ ಎಂದು ಅದೇ ಬುದ್ಧಿ ಕೇಳುತ್ತದೆ. ಹೇಳದಿರುವುದು ತಪ್ಪೇ ಇರಬಹುದು. ಮದುವೆಯೂ ಆಗದ ಒಬ್ಬ ಹುಡುಗ ಮಳೆಯಲ್ಲಿ, ಕೈ ಸುಲಿದುಕೊಂಡು, ಒಂದು ಮಾತಿಗಾಗಿ ಕಾಯುತ್ತಿದ್ದಾನೆ ಎಂದು ಕೆಲವು ರಾತ್ರಿ ನನಗೆ ಅನ್ನಿಸುತ್ತದೆ. ಆದರೆ ಹೇಳಿದರೆ ಅವನು ಹಗ್ಗ ಬಿಡುತ್ತಾನೆ, ಕಡಲಲ್ಲಿ ನಮ್ಮ ದೋಣಿ ಇರುತ್ತದೆ.

ಆದರೂ ಬಟ್ಟೆ ಒಣಹಾಕುವಾಗ ನಾನು ತೆಂಗಿನ ಮರಕ್ಕೆ ಬೆನ್ನು ಕೊಟ್ಟೇ ನಿಲ್ಲುತ್ತೇನೆ, ಹಿಂದೆ ಯಾರಿಗೂ ಜಾಗವಿರದ ಹಾಗೆ. ನಿನ್ನೆ ಮಧ್ಯಾಹ್ನ ಗಾಳಿ ಎದ್ದಿತು. ದೋಣಿ ಬಂದಿರಲಿಲ್ಲ. ಜಗಲಿಯ ಪರ್ಬಾಣ ಕಿರ್ ಎಂದಿತು. ಆ ಪದ ನನ್ನ ನಾಲಿಗೆಯ ತುದಿಗೆ ಬಂತು. ನಾನು ಬಾಯಿಗೆ ಸೆರಗು ಒತ್ತಿಕೊಂಡು, ಬಟ್ಟೆ ತೆಗೆದು, ಒಳಗೆ ಬಂದೆ.